ಹದಿನಾಲ್ಕು ಲಕ್ಷ ಸಿಲಿಂಡರಿನ ಜಹಾಜು

ರೂಮ್ ನಂಬರ್ 11, ಗುರುಕೃಪಾ ಚಾಳ್,
ದಹಿಸರ್ ಪೂರ್ವ, ಮುಂಬಯಿ
14 ನವೆಂಬರ್ 2025, ಶುಕ್ರವಾರ

ಮುದ್ದಿನ ಮಗಳು ಶಿವಕುಮಾರಿಗೆ,

ನಿನ್ನ ಅಪ್ಪ ಅಣವೀರಪ್ಪನ ಮನಸಾರೆ ಆಶೀರ್ವಾದಗಳು. ಇಲ್ಲಿ ನಾವಿಬ್ಬರೂ ಆರಾಮ ಇದ್ದೇವೆ. ನಿನ್ನ ಅವ್ವ ಪೂರಾ ಆರಾಮ, ಅವಳ ಬಾಯಿಗೆ ಸಿಕ್ಕ ನಾನು ಇದ್ದುದರಲ್ಲಿ ಆರಾಮ. ನೀನು ಆ ನಡುನೀರಿನಲ್ಲಿ ಹೊತ್ತುಹೊತ್ತಿಗೆ ಉಣ್ಣುತ್ತಿದ್ದೀ, ಕಣ್ಣು ತುಂಬ ನಿದ್ದೆ ಮಾಡುತ್ತಿದ್ದೀ ಅಂತ ನಂಬಿಕೊಂಡು ಈ ಪತ್ರ ಸುರು ಮಾಡುತ್ತಿದ್ದೇನೆ.

ನೀನು ಹೋಗಿ ಎಂಟು ತಿಂಗಳಾಯಿತು. ಎಂಟು ತಿಂಗಳಿಂದ ಅಪ್ಪನ ಕಡೆಯಿಂದ ಒಂದು ಮಾತಿಲ್ಲ, ಒಂದು ಮೆಸೇಜಿಲ್ಲ. ತಪ್ಪು ನನ್ನದೇ ಮಾರಾಯ್ತಿ, ಒಪ್ಪಿಕೊಂಡೆ. ಬರೆಯಬೇಕೆಂದು ಮೂರು ಸಲ ಕೂತಿದ್ದೆ. ಒಮ್ಮೆ ಪೆನ್ನು ನಡೆಯಲಿಲ್ಲ, ಒಮ್ಮೆ ಚಷ್ಮಾ ಸಿಗಲಿಲ್ಲ. ಮೂರನೆಯ ಸಲ ಎರಡೂ ಇದ್ದವು, ಬರೆಯಲಿಕ್ಕೆ ಮಾತೇ ಸಿಗಲಿಲ್ಲ. ಫೋನ್ ಮಾಡಬಾರದಿತ್ತೇ ಅನ್ನುತ್ತೀ. ಹತ್ತು ಬೈ ಹನ್ನೆರಡರ ರೂಮಿನಲ್ಲಿ ಫೋನ್ ಅಂದರೆ ಇಡೀ ಚಾಳಿನ ಮೀಟಿಂಗು. ನಿನ್ನ ಅವ್ವ ಸ್ಪೀಕರ್ ಹಚ್ಚದೆ ಒಂದು ದಿನ ಮಾತಾಡಿದ್ದಾಳೆಯೇ? ಈಗಂತೂ ನಿನ್ನ ಜಹಾಜು ಇಲ್ಲಿಯ ಗ್ಯಾಸ್ ಜೆಟ್ಟಿಗೆ ಬಂದು ನಿಂತಿದೆ, ಮಾಲು ಇಳಿಸುವ ತನಕ ಎಲ್ಲರ ಫೋನೂ ಬಂದ್ ಅಂತ ನಾಲ್ಕನೇ ರೂಮಿನ ಉಸ್ಮಾನ ಹೇಳಿದ. ಹಾಗಾಗಿ ಕಾಗದವೇ ಗತಿ.

ನಿನಗೆ ಕನ್ನಡ ಓದುವುದು ನಿಧಾನ ಅಂತ ಗೊತ್ತು. ಮುನಿಸಿಪಾಲ್ಟಿಯ ಕನ್ನಡ ಶಾಲೆ ನಾಲ್ಕನೇ ಇಯತ್ತೆಗೆ ನಿಂತುಹೋಯಿತು, ಆಮೇಲೆ ನೀನು ಇಂಗ್ಲಿಷಿನವಳಾದೆ. ಅದಕ್ಕೇ ಅಕ್ಷರ ಬಿಡಿಸಿ ಬಿಡಿಸಿ ಬರೆಯುತ್ತಿದ್ದೇನೆ. ಒಂದೇ ದಮ್ಮಿಗೆ ಓದಬೇಡ, ಅರ್ಥವಾಗದ ಕಡೆ ನಿಂತು ಮತ್ತೊಮ್ಮೆ ಓದು. ಕೊನೆಯವರೆಗೂ ಓದು.

ಹೋದ ವಾರ ನೀನು ಫೋನಿನಲ್ಲಿ ಅವ್ವನ ಹತ್ತಿರ ಆಡಿದ ಮಾತು ನನಗೆ ಮುಟ್ಟಿದೆ. ಮುಟ್ಟದೆ ಏನು, ನಾನು ಅಲ್ಲೇ ಪೇಪರ್ ಹಿಡಿದು ಕೂತಿದ್ದೆ. ಪೇಪರ್ ತಲೆಕೆಳಗಾಗಿತ್ತು ಅಂತ ಆಮೇಲೆ ನಿನ್ನ ಅವ್ವ ಹೇಳಿದಳು. ಭಾನುವಾರ ಮಾಲು ಇಳಿಸಿ ಮುಗಿದ ಮೇಲೆ ಸಮುದ್ರಕ್ಕೆ ಭರತ ಬಂದು ನೀರು ಏರುವ ತನಕ ಜಹಾಜು ಸುಮ್ಮನೆ ನಿಂತಿರುತ್ತದೆ, ಮನೆಯವರು ಎರಡು ತಾಸು ಬಂದು ಹೋಗಬಹುದು ಅಂತ ಕ್ಯಾಪ್ಟನ್ ಒಪ್ಪಿದ್ದಾರೆ, ಅಪ್ಪ ಅವ್ವ ಇಬ್ಬರ ಹೆಸರಿಗೂ ಪಾಸ್ ಮಾಡಿಸಿದ್ದೇನೆ ಅಂದೆ. ಆಮೇಲೆ ನಿನ್ನ ಆ ಮುಂಬಯಿ ಕನ್ನಡದಲ್ಲಿ ಅಂದೆ, “ಅವ್ವಾ, ಅಪ್ಪ ಆಯೇ ತೋ ನಾನ್ ಡಿಸೆಂಬರ್‌ದಾಗ ಸೈನ್ ಆಫ್ ಮಾಡಿ ಮನೀಗೆ ಬರ್ತೀನಿ. ನಹೀ ಆಯೇ ತೋ ಎಕ್ಸ್‌ಟೆನ್ಶನ್ ತಗೋತೀನಿ. ಆಮ್ಯಾಲ್ ಮುಂದಿನ ಜಹಾಜ್. ಮನೀಗ್ ಬರಂಗಿಲ್ಲ. ಅವ್ರಿಗೆ ಹೇಳ್ ದೇ.”

ಹೇಳ್ ದೇ ಅಂದದ್ದನ್ನು ಅವಳು ಹೇಳಿದಳು. ಬರೀ ಹೇಳಲಿಲ್ಲ, ಲಟ್ಟಣಿಗೆ ಹಿಡಿದುಕೊಂಡು ಹೇಳಿದಳು.

ನಿನ್ನ ಸಿಟ್ಟು ನ್ಯಾಯದ ಸಿಟ್ಟು. ಮಾರ್ಚಿನಲ್ಲಿ ನೀನು ಪೇಢೆ ತಂದು ಥರ್ಡ್ ಆಫೀಸರ್ ಆದೆ ಅಂದಾಗ ಚಾಳಿಗೆಲ್ಲ ಹಂಚಿದವನು ನಾನು. ಯಾವ ಜಹಾಜು ಅಂತ ಕೇಳಿದೆ. ಗ್ಯಾಸಿನದು ಅಂದೆ ನೀನು. ಖುಷಿಯಿಂದ ಎಲ್ಲ ವಿವರಿಸಿದೆ. ಗ್ಯಾಸನ್ನು ಐಸಿಗಿಂತ ಎಷ್ಟೋ ಪಟ್ಟು ತಂಪು ಮಾಡಿ ನೀರು ಮಾಡುತ್ತಾರೆ, ಟಾಕಿಗಳಲ್ಲಿ ತುಂಬುತ್ತಾರೆ, ಜಹಾಜಿನ ಗ್ಯಾಸಿಗೆ ವಾಸನೆಯೇ ಇರುವುದಿಲ್ಲ, ದಂಡೆಗೆ ಬಂದ ಮೇಲೆ ಆ ಕೆಟ್ಟ ವಾಸನೆ ಬೆರೆಸುತ್ತಾರೆ, ಅಲ್ಲಿ ನಾವು ಸೋರಿಕೆ ತೋರಿಸುವ ಮೀಟರ್ ನೋಡಿಕೊಂಡೇ ತಿರುಗಾಡುವುದು ಅಂದೆ. ಆಗ ನಾನು ಪೇಢೆಯ ಡಬ್ಬಿ ಕೆಳಗಿಟ್ಟೆ. “ಗ್ಯಾಸ್ ಹೆಣ್ಮಕ್ಕಳು ಒಲಿ ಮುಂದ ಹಚ್ಚೂದು, ಹಡಗದಾಗ ಹೊರೂದಲ್ಲ. ಹೋಗೂದು ಬ್ಯಾಡ” ಅಂದೆ. ನೀನು ಮೊದಲು ನಕ್ಕೆ, ಅಪ್ಪ ಮಜಾಕ್ ಮಾಡುತ್ತಿದ್ದಾನೆ ಅಂತ. ಆಮೇಲೆ ನನ್ನ ಮುಖ ನೋಡಿದೆ. “ಕಲ್ಲಿದ್ದಲ ಜಹಾಜದಾಗ ಹದಿನೆಂಟು ತಿಂಗಳು ಇದ್ನೆಲ್ಲಪಾ, ಅವಾಗ ನಾ ಹೆಣ್ಣ್ ಇರ್ಲಿಲ್ಲೇನು?” ಅಂದೆ. ಉತ್ತರವಿಲ್ಲದ ಗಂಡಸು ಏನು ಮಾಡುತ್ತಾನೆ, ದನಿ ಏರಿಸಿದೆ. ನೀನು ಕಾಲು ಮುಟ್ಟದೆ ಬ್ಯಾಗು ಎತ್ತಿಕೊಂಡು ಹೋದೆ. ನಾನು ವಿಮಾನ ನಿಲ್ದಾಣಕ್ಕೆ ಬರಲಿಲ್ಲ. ನಿನ್ನ ಅವ್ವ ಮೂರು ದಿನ ನನ್ನ ತಾಟಿಗೆ ರೊಟ್ಟಿ ಹಾಕಿದಳೇ ಹೊರತು ಮಾತು ಹಾಕಲಿಲ್ಲ.

ಇರಲಿ. ಈಗ ನಿನ್ನ ಜಹಾಜಿನ ವಿಷಯಕ್ಕೆ ಬರುತ್ತೇನೆ. ಅಪ್ಪ ನನ್ನ ಸುದ್ದಿಯೇ ಕೇಳುವುದಿಲ್ಲ ಅಂತ ನೀನು ತಿಳಿದಿರಬಹುದು. ನಿನ್ನ ಜಹಾಜು ಎಲ್ಲಿದೆ ಅಂತ ತೋರಿಸುವ ಒಂದು ಆ್ಯಪ್ ಉಸ್ಮಾನ ನನ್ನ ಫೋನಿಗೆ ಹಾಕಿಕೊಟ್ಟಿದ್ದಾನೆ. ಚಹಾ ಕುಡಿಯುವ ಮೊದಲು ಅದನ್ನೇ ನೋಡುತ್ತೇನೆ. ನೀಲಿ ಬಣ್ಣದ ಮೇಲೆ ಒಂದು ಕೆಂಪು ಚುಕ್ಕೆ, ಅದರೊಳಗೆ ನೀನು. ಜೂನಿನಲ್ಲಿ ಆ ಚುಕ್ಕೆ ಎರಡು ದಿನ ಅಲ್ಲಾಡಲೇ ಇಲ್ಲ. ನನಗೆ ಊಟ ಸೇರಲಿಲ್ಲ. ಉಸ್ಮಾನ ನಕ್ಕು, “ಚಾಚಾ, ಲಂಗರ್ ಹಾಕ್ಯಾರ, ಲೈನ್‌ದಾಗ ನಿಂತಾರ. ನೀವ್ ಗೋಡೌನ್‌ದಾಗ ಗಾಡಿ ಹಚ್ಚಿ ನಿಲ್ತಿದ್ರಲ್ಲ, ಹಂಗ” ಅಂದ. ಆಮೇಲೆ ಎರಡು ರೊಟ್ಟಿ ತಿಂದೆ.

ಇನ್ನೊಂದು ಕೆಲಸ ಮಾಡಿದ್ದೇನೆ. ನಗಬೇಡ. ನಿನ್ನ ಜಹಾಜಿನಲ್ಲಿ ಇಪ್ಪತ್ತು ಸಾವಿರ ಟನ್ ಹಿಡಿಯುತ್ತದೆ ಅಂತ ಅವ್ವನಿಗೆ ಹೇಳಿದ್ದೆಯಲ್ಲ, ಅದನ್ನು ಮನೆಯ ಸಿಲಿಂಡರಿನ ಹದಿನಾಲ್ಕು ಕಿಲೋ ಇನ್ನೂರು ಗ್ರಾಮಿನಿಂದ ಭಾಗಿಸಿ ನೋಡಿದೆ. ಹದಿನಾಲ್ಕು ಲಕ್ಷ ಸಿಲಿಂಡರ್! ಕ್ಯಾಲೆಂಡರಿನ ಹಿಂಬದಿಗೆ ಎರಡು ಸಲ ಲೆಕ್ಕ ಹಾಕಿದೆ, ಅಷ್ಟೇ ಬಂತು. ನಾನು ಏಜೆನ್ಸಿಯ ಗಾಡಿಯಿಂದ ಮನೆಮನೆಗೆ ದಿನಕ್ಕೆ ನಲವತ್ತರಂತೆ ಮೂವತ್ತೊಂದು ವರ್ಷ ಹೊತ್ತೆ. ಬೊರಿವಲಿ, ದಹಿಸರಿನ ಲಿಫ್ಟಿಲ್ಲದ ಬಿಲ್ಡಿಂಗುಗಳೆಲ್ಲ ನನ್ನ ಮೊಣಕಾಲಿನಲ್ಲಿ ಕೂತಿವೆ. ಅಷ್ಟು ಹೊತ್ತದ್ದೂ ಸೇರಿ ನಿನ್ನ ಒಂದು ಖೇಪಿನ ಕಾಲು ಭಾಗ. ನೀನು ಒಂದು ಸಲ ಬಂದು ಹೋದರೆ ಅಪ್ಪನ ನಾಲ್ಕು ಜನ್ಮ ಮುಗಿಯಿತು. ಇದನ್ನು ನಿನ್ನ ಅವ್ವ ಹನುಮವ್ವನಿಗೆ ಹೇಳಿದರೆ ಅವಳು, “ಹಂಗಾದ್ರ ನಿಮ್ಮ ಮೂರು ಜನ್ಮದ ಪುಣ್ಯಾ ಉಳೀತು, ಹೋಗಿ ಹಾಲು ತರ್ರಿ” ಅಂದಳು.

ಹೋದ ವಾರ ಬೂಟು ತರಲು ದಾದರಿಗೆ ಹೋಗಿದ್ದೆ. ನಿನ್ನ ಜಹಾಜಿಗೆ ಚಪ್ಪಲಿ ನಡೆಯುವುದಿಲ್ಲವಂತೆ, ಹಿಮ್ಮಡಿ ಮುಚ್ಚಿದ ಬೂಟು ಬೇಕಂತೆ. (ನೋಡು, ಬರುವುದಿಲ್ಲ ಅಂತ ಮುಖ ಊದಿಸಿಕೊಂಡೇ ಬೂಟು ತಂದಿದ್ದೇನೆ.) ಬರುವಾಗ ಲೋಕಲ್‌ನಲ್ಲಿ ಒಬ್ಬ ದೊಡ್ಡ ಮನುಷ್ಯ ಫೋನಿನಲ್ಲಿ ಯಾರಿಗೋ ಬೈಯುತ್ತಿದ್ದ, ಗ್ಯಾಸ್ ಬುಕ್ ಮಾಡಿ ನಾಲ್ಕು ದಿನವಾಯಿತು, ಇನ್ನೂ ಬಂದಿಲ್ಲ ಅಂತ. ನನಗೆ ತಡೆಯಲಾಗಲಿಲ್ಲ. ಭುಜ ತಟ್ಟಿ, “ಸಾಹೇಬ್, ಟೆನ್ಶನ್ ಮತ್ ಲೋ, ಗ್ಯಾಸ್ ಆ ರಹಾ ಹೈ. ಮೇರಿ ಬೇಟಿ ಲೇಕೆ ಆ ರಹೀ ಹೈ” ಅಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಕೌನ್ಸಿ ಏಜೆನ್ಸಿ ಮೇ ಹೈ?” ಅಂತ ಕೇಳಿದ. “ಏಜೆನ್ಸಿ ನಹೀ ಸಾಹೇಬ್, ಜಹಾಜ್” ಅಂದೆ. ಆಮೇಲೆ ನಿನ್ನ ಫೋಟೊ ತೋರಿಸಿದೆ, ಬಿಳಿ ಅಂಗಿಯದು, ಭುಜದ ಮೇಲೆ ಪಟ್ಟಿ ಇರುವುದು. ಬೊರಿವಲಿ ಬರುವಷ್ಟರಲ್ಲಿ ಆ ಕಡೆಯ ಸೀಟಿನ ನಾಲ್ವರೂ ಫೋಟೊ ನೋಡಿ ಮುಗಿಸಿದ್ದರು. ಒಬ್ಬ ಎದ್ದು ನನಗೆ ಜಾಗ ಬಿಟ್ಟ. ಸುಳ್ಳಲ್ಲ.

ನಿನ್ನ ಅವ್ವನ ಗಡಿಬಿಡಿ ಕೇಳಬೇಡ. ನಾಯ್ಲಾನ್ ಸೀರೆ ಬೇಡ, ಹತ್ತಿ ಬಟ್ಟೆಯೇ ಇರಲಿ ಅಂತ ನೀನು ಹೇಳಿದ್ದೇ ತಡ, ಟ್ರಂಕಿನ ತಳದಿಂದ ಇಳಕಲ್ ಸೀರೆ ತೆಗೆದು ಗಾಳಿಗೆ ಹಾಕಿದ್ದಾಳೆ. ತಲೆಗೆ ಹೆಲ್ಮೆಟ್ ಹಾಕಿಕೊಳ್ಳಬೇಕಂತೆ ಅಂದೆ. “ಹೂವಿನ ಮ್ಯಾಲೋ, ಹೂವಿನ ತೆಳಗೋ?” ಅಂತ ಕೇಳಿದಳು. ನನಗೇನು ಗೊತ್ತು, ನಿನ್ನ ಕ್ಯಾಪ್ಟನ್‌ರನ್ನೇ ಕೇಳು. ನಿನ್ನೆಯಿಂದ ರೊಟ್ಟಿ ಬಡಿಯುತ್ತಿದ್ದಾಳೆ, ನಲವತ್ತು ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಮೆಣಸಿನಕಾಯಿ ರಂಜಕ. ರಂಜಕದ ಬಾಟಲಿ ಬೇರೆ ಕಟ್ಟಿಸಿದ್ದೇನೆ. ಅದು ನಿಮ್ಮ ಜಹಾಜಿನಲ್ಲಿ ಒಡೆದರೆ ಅಲಾರಂ ಹೊಡೆದುಕೊಂಡೀತು. ಇವತ್ತು ಮಧ್ಯಾಹ್ನ ಹಾಲು ಒಲೆಯ ಮೇಲಿಟ್ಟು, “ಒಂದ್ ನಿಮಿಷ ನೋಡ್ರಿ” ಅಂತ ಹೇಳಿ ಅವಳು ಅಂಗಡಿಗೆ ಹೋದಳು. ನಾನು ಒಲೆಯ ಪಕ್ಕದಲ್ಲೇ ಗೋಡೆಗೆ ಒರಗಿ ಈ ಪತ್ರದ ಮೇಲಿನ ಭಾಗ ಬರೆಯುತ್ತಿದ್ದೆ. ಅವಳು ತಿರುಗಿ ಬರುವಷ್ಟರಲ್ಲಿ ಪಾತ್ರೆ ತಳ ಹಿಡಿದು ಕರಿ ಆಗಿತ್ತು. “ಮೂರ್ ಮನಿ ಆಚೆಗೆ ನಾತ ಬಡ್ಯಾಕತ್ತೈತಿ, ಬಾಜೂಕ ಕುಂತ ನಿಮಗ ತಿಳೀಲಿಲ್ಲೇನ್ರಿ?” ಅಂತ ಶುರು ಮಾಡಿದಳು. ನಿನಗೆ ಬರೆಯುತ್ತಿದ್ದೆ ಅಂದ ಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಹೊಗೆಗೆ ಅಂದಳು.

ಡಬ್ಬಿ, ಪತ್ರ ಎರಡನ್ನೂ ಉಸ್ಮಾನನೇ ತರುತ್ತಾನೆ. ರೋಷನಬಿಯ ಮಗ ಉಸ್ಮಾನ, ರೂಮ್ ನಂಬರ್ ನಾಲ್ಕು. ಜಹಾಜುಗಳಿಗೆ ಕಾಯಿಪಲ್ಯ, ಅಕ್ಕಿ, ಮೊಟ್ಟೆ ಹಾಕುವ ಕಂಪನಿಯ ಗಾಡಿಗೆ ಹೋದ ವರ್ಷದಿಂದ ಅವನೇ ಡ್ರೈವರ್. ಇವತ್ತು ಸಂಜೆ ನಿನ್ನ ಜಹಾಜಿನ ಪಾಳಿಯಂತೆ. “ಬಟಾಟೆ ಗೋಣಿ ಜೋಡಿ ಅಫ್ಸರ್ ಬಾಯಿ ಡಬ್ಬಿನೂ ಗೇಟ್ ದಾಟಸ್ತೀನ್ ಚಾಚಾ, ನೀವ್ ಬೇಫಿಕರ್ ಇರ್ರಿ” ಅಂದಿದ್ದಾನೆ. ನಿನಗೆ ಅಫ್ಸರ್ ಬಾಯಿ ಅಂತಲೇ ಅನ್ನುವುದು ಅವನು. ಸಣ್ಣವಳಿದ್ದಾಗ ನಿನ್ನನ್ನು ಹೆಗಲ ಮೇಲೆ ಕೂಡ್ರಿಸಿಕೊಂಡು ಮೊಹರಮ್ ತೋರಿಸಿದವನು.

ರೋಷನಬಿ ಕೂಡ ನಿನಗೆ ಒಂದು ಡಬ್ಬಿ ಕಳಿಸಿದ್ದಾಳೆ, ಬೆಲ್ಲ ಹಾಕಿ ಕರಿದ ಚೊಂಗೆ. ಎಲ್ಲಿ ಮಾಡಿದಳು ಅಂತ ಕೇಳಿದರೆ ನಮ್ಮ ಮನೆಯಲ್ಲಿ. ಹೋದ ವರ್ಷ ಈದ್ ಆದ ಮೇಲೆ ಅವಳ ಮನೆಯಲ್ಲಿ ಗ್ಯಾಸ್ ಹತ್ತಿಕೊಂಡು ಬಲಗೈ ಸುಟ್ಟಿತಲ್ಲ, ಆಗ ನೀನು ಪರೀಕ್ಷೆಗೆ ಓದುತ್ತ ಮನೆಯಲ್ಲೇ ಇದ್ದೆ, ಆಸ್ಪತ್ರೆಗೆ ಹೋಗಿ ಅವಳಿಗೆ ಊಟ ಮಾಡಿಸಿ ಬರುತ್ತಿದ್ದೆ. ಅಂದಿನಿಂದ ಅವಳ ಸೊಸೆ ಆರ್ಜೂ ಅವಳನ್ನು ಒಲೆಯ ಹತ್ತಿರ ಬಿಡುವುದಿಲ್ಲ. ಆರ್ಜೂ ಕೆಟ್ಟವಳಲ್ಲ, ಹೆದರಿದ್ದಾಳೆ ಅಷ್ಟೇ, ಮನೆಯಲ್ಲಿ ಎರಡು ಕೂಸುಗಳಿವೆ. “ಅಮ್ಮೀಗೆ ಮರವು ಆಗೇತಿ, ನಾಬ್ ಚಾಲೂ ಬಿಟ್ಟು ಕಡ್ಡಿ ಗೀರ್ತಾರ” ಅಂತ ಎಲ್ಲರ ಮುಂದೂ ಹೇಳುತ್ತಾಳೆ. ಇಡೀ ಚಾಳಿಗೆ ಬಿರಿಯಾನಿ ಉಣಿಸಿದ ಹೆಂಗಸು ಈಗ ಬಾಗಿಲಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಾಳೆ. ಆರ್ಜೂ ಕೆಲಸಕ್ಕೆ ಹೋದ ಮೇಲೆ ಮೆಲ್ಲಗೆ ನಮ್ಮ ಮನೆಗೆ ಬಂದು, “ಹನುಮವ್ವ, ಒಂದೀಟು ನಿನ್ನ ಒಲಿ ಕೊಡ” ಅನ್ನುತ್ತಾಳೆ. ಹನುಮವ್ವ ಬಾಗಿಲು ಮುಂದೆ ಮಾಡಿಕೊಂಡು ಕಾಯುತ್ತಾಳೆ. ಅರವತ್ತೆಂಟು ವರ್ಷದ ಹೆಂಗಸು, ಕಳ್ಳತನ ಮಾಡಿದ ಹಾಗೆ ಅಡುಗೆ ಮಾಡುತ್ತಾಳೆ.

ಇವತ್ತು ಬೆಳಿಗ್ಗೆಯೂ ಬಂದಳು. ಬಲಗೈಯ ಎರಡು ಬೆರಳು ಈಗಲೂ ಪೂರಾ ಮಡಚುವುದಿಲ್ಲ, ಎಡಗೈಯಲ್ಲೇ ಚೊಂಗೆ ಒತ್ತಿದಳು. “ಮುಲ್ಕಾಮುಲ್ಕ ತಿರಗ್ಯಾಡೂ ಹುಡುಗಿಗೆ ನಮ್ಮ ಇಂಡಿ ಕಡಿ ಚೊಂಗೆ ಸಿಗ್ತಾವೇನು?” ಅಂತ ನಗುತ್ತ ಕರಿದಳು. ಕೆಲಸ ಮುಗಿಸಿ ನಾಬ್ ಬಂದ್ ಮಾಡಿದಳು. ಬಾಗಿಲ ತನಕ ಹೋಗಿ ತಿರುಗಿ ಬಂದು ಮುಟ್ಟಿ ನೋಡಿದಳು. ಮತ್ತೆ ಹೋಗಿ ಮತ್ತೆ ಬಂದಳು. ಮೂರನೆಯ ಸಲ, “ಬಂದ್ ಮಾಡೀನೇನ ಹನುಮವ್ವ? ಖರೇ ಹೇಳ, ಬಂದ್ ಆಗೈತೇನು?” ಅಂತ ಕೇಳಿದಳು. ಹನುಮವ್ವ, “ಆಗೇತವ್ವಾ, ನಾ ನೋಡೀನಿ” ಅಂದಳು. ನಾನು ಅಲ್ಲೇ ಇದ್ದೆ. ಅವಳು ಹೋದ ಮೇಲೆ ಅಂಗಡಿಗೆ ಹೋಗಿ ಈ ಕಾಗದದ ಪ್ಯಾಡ್ ತಂದೆ.

ಈಗ ನೀನು ಕೇಳಿದ್ದಕ್ಕೆ ಉತ್ತರ. ಬರುತ್ತೇನೆ ಮಗಳೇ. ಭಾನುವಾರ ಮಧ್ಯಾಹ್ನ ಎರಡಕ್ಕೆ ಗೇಟಿನ ಹತ್ತಿರ ಇರುತ್ತೇವೆ, ಆಧಾರ್ ಕಾರ್ಡು, ಬೂಟು, ಹತ್ತಿ ಅಂಗಿ ಎಲ್ಲ ಸಮೇತ. ಕಡ್ಡಿಪೆಟ್ಟಿಗೆ ಮನೆಯಲ್ಲೇ ಬಿಟ್ಟು ಬರುತ್ತೇನೆ. ನಿನ್ನ ಜಹಾಜಿನ ಮೆಟ್ಟಿಲು ಎಷ್ಟಿದ್ದರೂ ಹತ್ತುತ್ತೇನೆ, ಬರಿಗೈಯಲ್ಲಿ ಹತ್ತುವುದೇನು ದೊಡ್ಡದು. ಮೀಟರ್ ಹಿಡಿದು ತಿರುಗಾಡುವ ಥರ್ಡ್ ಆಫೀಸರನ್ನು ಒಮ್ಮೆ ಕಣ್ಣಾರೆ ನೋಡಬೇಕು. ನಿನ್ನ ಜೊತೆಯವರ ಮುಂದೆ ನನಗೆ ಮಾತು ಬರದಿದ್ದರೆ ಅಪ್ಪ ಇನ್ನೂ ಸಿಟ್ಟಿನಲ್ಲಿದ್ದಾನೆ ಅಂದುಕೊಳ್ಳಬೇಡ. ನೀನು ಹುಟ್ಟಿದ ದಿನ ದವಾಖಾನೆಯಲ್ಲೂ ಹಾಗೇ ಆಗಿತ್ತು, ನರ್ಸ್ ಮಗಳಾಯಿತು ಅಂತ ಬೇಜಾರೇನು ಅಂತ ಕೇಳಿದಳು. ಅವಳಿಗೇನು ಗೊತ್ತು.

ಹುಷಾರಾಗಿರು. ಕೈಗವಸು ಹಾಕದೆ ಯಾವ ವಾಲ್ವನ್ನೂ ಮುಟ್ಟಬೇಡ. ನೀರು ಕುಡಿ. ಸಿದ್ಧೇಶ್ವರ ನಿನ್ನ ಬೆನ್ನಿಗಿರಲಿ, ನಿನ್ನ ಕಡೆಯ ಸಮುದ್ರ ಯಾವಾಗಲೂ ಸಮಾಧಾನದಿಂದಿರಲಿ, ನೀನು ತಂದ ಗ್ಯಾಸಿನಿಂದ ಹದಿನಾಲ್ಕು ಲಕ್ಷ ಮನೆಯಲ್ಲಿ ಅನ್ನ ಬೇಯಲಿ.

ನಿನ್ನ ಅಪ್ಪ,
ಅಣವೀರಪ್ಪ

ತಾ.ಕ.: ಸಹಿ ಮಾಡಿ ಪಾಕೀಟಿಗೆ ಹಾಕಿದ್ದೆ. ಮತ್ತೆ ತೆಗೆದಿದ್ದೇನೆ. ಈ ಮಾತು ಇದರಲ್ಲಿ ಇಲ್ಲದಿದ್ದರೆ ಮೇಲಿನದೆಲ್ಲ ಬರೆದೂ ಉಪಯೋಗವಿಲ್ಲ.

ನನಗೆ ವಾಸನೆ ತಿಳಿಯುವುದಿಲ್ಲ ಶಿವಕುಮಾರಿ. ಕೊರೊನಾದ ಎರಡನೆಯ ವರ್ಷ ಜ್ವರ ಬಂದು ಹೋಯಿತಲ್ಲ, ಅವತ್ತು ಹೋದದ್ದು ತಿರುಗಿ ಬರಲಿಲ್ಲ. ನಿನಗೆ ಹೇಳಲಿಲ್ಲ, ನಿನ್ನ ಅವ್ವನಿಗೂ ಹೇಳಲಿಲ್ಲ. ಹೇಗೆ ಹೇಳಲಿ? ಸಿಲಿಂಡರಿನವನಿಗೆ ಮೂಗು ಇಲ್ಲ ಅಂದರೆ ಏಜೆನ್ಸಿಯವರು ಮರುದಿನವೇ ಮನೆಗೆ ಕಳಿಸುತ್ತಾರೆ. ಏರಿಯಾದಲ್ಲಿ ಯಾರ ಮನೆಯಲ್ಲಿ ಸಂಶಯ ಬಂದರೂ ನನ್ನನ್ನೇ ಕರೆಯುತ್ತಿದ್ದರು. ಅಣವೀರಪ್ಪ ಬಗ್ಗಿ ಮೂಸಿ ಏನಿಲ್ಲ ಅಂದರೆ ಮುಗಿಯಿತು, ಕಿಟಕಿ ಮುಚ್ಚಿ ಒಲೆ ಹಚ್ಚುತ್ತಿದ್ದರು. ಮೂಗು ಹೋದ ಮೇಲೆ ನಾನು ವಾಲ್ವಿನ ಮೇಲೆ ನೀರು ಬಿಟ್ಟು ಗುಳ್ಳೆ ಬರುತ್ತದೆಯೇ ಅಂತ ನೋಡುತ್ತಿದ್ದೆ. ಜನರ ಮುಂದೆ ಮಾತ್ರ ಮೊದಲಿನ ಹಾಗೆ ಬಗ್ಗಿ ಮೂಸುತ್ತಿದ್ದೆ. ಮೂರು ವರ್ಷ ಹಾಗೆ ನಡೆಸಿದೆ.

ರೋಷನಬಿ ನಾಬ್ ಚಾಲೂ ಬಿಟ್ಟಿರಲಿಲ್ಲ. ಅವತ್ತು ಅವಳ ಸಿಲಿಂಡರ್ ಹಾಕಿದವನು ನಾನು. ಗಾಡಿಯಲ್ಲಿ ಇನ್ನೂ ಹನ್ನೊಂದು ಉಳಿದಿದ್ದವು, ಅವಸರದಲ್ಲಿ ನೀರು ಬಿಟ್ಟು ನೋಡಲಿಲ್ಲ. ರೆಗ್ಯುಲೇಟರ್ ಕೂಡಿಸಿ ಹೊರಡುವಾಗ ಅವಳು, “ಭೈಯಾ, ವಾಸನಿ ಬರಾಕತ್ತೈತಿ ನೋಡು” ಅಂದಳು. ನಾನು ಬಗ್ಗಿದೆ, ಮೂಸಿದೆ, ಏನಿಲ್ಲ ಬೆಹೆನ್ ಅಂದೆ. “ನಿನ್ನ ಮೂಗು ನನಗಿಂತ ಛಲೋ ಐತಿ ಬಿಡು” ಅಂದಳು. ನಾನು ಕೆಳಗಿಳಿದು ಪಕ್ಕದ ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿದ್ದಾಗ ಕಿರುಚಾಟ ಕೇಳಿತು.

ಏಜೆನ್ಸಿಯವರು, ಪೊಲೀಸರು ಬಂದಾಗ ಅವಳೇ ತಾನು ನಾಬ್ ಮರೆತೆ ಅಂತ ಹೇಳಿದಳು. ಆಸ್ಪತ್ರೆಯಲ್ಲಿ ನಾನು ಕಾಲು ಹಿಡಿಯಲು ಹೋದರೆ, “ಹುಡುಗಿ ಪರೀಕ್ಷಾ ಮುಗೀಲಿ, ನಿನ್ನ ನೌಕರಿ ಹೋದ್ರ ಆಕಿ ಓದು ನಿಲ್ತೈತಿ. ಆಮ್ಯಾಲ ಹೇಳಿದ್ರಾತು” ಅಂದಳು. ಎರಡು ತಿಂಗಳಿಗೆ ಮೊಣಕಾಲಿನ ನೆಪ ಹೇಳಿ ನಾನೇ ಕೆಲಸ ಬಿಟ್ಟೆ. ನಿನ್ನ ಪರೀಕ್ಷೆ ಮುಗಿಯಿತು, ನೀನು ಆಫೀಸರ್ ಆದೆ. ನಾನು ಮಾತ್ರ ಹೇಳಲಿಲ್ಲ. ಅವಳೂ ಮತ್ತೆ ಕೇಳಲಿಲ್ಲ. ನೀನು ಅವಳ ಒಲೆಯ ಮೇಲಿನ ಗೋಡೆಗೆ “ನಾಬ್ ಬಂದ್ ಮಾಡಿದ್ರಾ ಮೌಸಿ?” ಅಂತ ದೊಡ್ಡ ಅಕ್ಷರದ ಚೀಟಿ ಅಂಟಿಸಿದ ದಿನ ಅಂಟಿನ ಬಾಟಲಿ ಹಿಡಿದು ನಿಂತವನು ನಾನೇ. ಆ ಚೀಟಿ ಇನ್ನೂ ಅಲ್ಲಿದೆ. ಇವತ್ತು ಬೆಳಿಗ್ಗೆ ಅವಳು ಮೂರು ಸಲ ತಿರುಗಿ ಬಂದಾಗ ತಿಳಿಯಿತು, ನನ್ನ ಸುಳ್ಳನ್ನು ಎಲ್ಲರ ಜೊತೆ ಈಗ ಅವಳೂ ನಂಬಿಬಿಟ್ಟಿದ್ದಾಳೆ.

ವಾಸನೆಯಿಲ್ಲದ ಗ್ಯಾಸು ಅಂತ ನೀನು ಮಾರ್ಚಿನಲ್ಲಿ ಹೇಳಿದಾಗ ನನ್ನ ಕಣ್ಣ ಮುಂದೆ ಬಂದದ್ದು ಅವಳ ಕೈ. ಹೆದರಿದೆ. ಯಾಕೆ ಹೆದರಿದೆ ಅಂತ ಹೇಳಬೇಕಾದರೆ ಇದೆಲ್ಲ ಹೇಳಬೇಕಿತ್ತು. ಅದಕ್ಕಿಂತ ನೀನು ಹೆಣ್ಣು ಅನ್ನುವುದು ಸುಲಭವಾಗಿತ್ತು, ಅದನ್ನೇ ಅಂದೆ. ನೀನು ಹೆಣ್ಣು ಅಂತ ನನಗೆ ಒಂದು ದಿನವೂ ಕಡಿಮೆ ಅನ್ನಿಸಿಲ್ಲ ತಾಯಿ. ಆ ಮಾತು ನನ್ನ ನಾಚಿಕೆಯದು, ನಿನ್ನ ಬಗ್ಗೆ ಅಲ್ಲ. ಇದನ್ನು ಓದಿದ ಮೇಲೆ ನಾನು ಜಹಾಜಿಗೆ ಬರುವುದು ಬೇಡ ಅನ್ನಿಸಿದರೆ ಬೇಜಾರಿಲ್ಲ. ಅವ್ವನನ್ನು ಗೇಟಿನ ತನಕ ಬಿಟ್ಟು ಹೊರಗೆ ನಿಂತಿರುತ್ತೇನೆ.

ಕೆಳಗೆ ಉಸ್ಮಾನನ ಗಾಡಿ ಹಾರ್ನ್ ಹೊಡೆಯುತ್ತಿದೆ. ಮೇಲೆ ಬಾ, ಆರ್ಜೂಳನ್ನೂ ಕರೆದುಕೊಂಡು ಬಾ ಅಂತ ಕೂಗಿದ್ದೇನೆ. ಹನುಮವ್ವ ಯಾಕೆ ಅಂತ ಕೇಳುತ್ತಿದ್ದಾಳೆ. ಅವರನ್ನು ಕೂಡ್ರಿಸಿಕೊಂಡು ಎಲ್ಲ ಹೇಳುತ್ತೇನೆ, ಆಮೇಲೆಯೇ ಈ ಪಾಕೀಟು ಅವನ ಕೈಗೆ. ಅವನು ಇದನ್ನು ಹರಿದು ನನ್ನ ಮುಖಕ್ಕೆ ಎಸೆದರೂ ನಾನು ಏನೂ ಅನ್ನುವವನಲ್ಲ. ಈ ಪತ್ರ ನಿನ್ನ ಕೈ ಸೇರಿತು ಅಂದರೆ, ಅಷ್ಟೆಲ್ಲ ಕೇಳಿದ ಮೇಲೂ ಉಸ್ಮಾನ ಅದನ್ನು ತಂದುಕೊಟ್ಟಿದ್ದಾನೆ ಅಂತ ತಿಳಿ.